ಏಳು ಕಲೆಯ ಧೋತರ

12 ಜನವರಿ 1998, ಸೋಮವಾರ

ಪೊಲೀಸ್ ಕೇಸುಗಳನ್ನು ಪರೀಕ್ಷಿಸುವ ನಮ್ಮ ಲ್ಯಾಬಿಗೆ ಗಾಜಿನ ಸಾಮಾನು ಒದಗಿಸುವ ಅಂಗಡಿಯವರು ಹೊಸ ವರ್ಷಕ್ಕೆಂದು ಈ ಡೈರಿ ಕೊಟ್ಟರು. ಪ್ರತಿ ಪುಟದ ಕೆಳಗೂ ಅವರದೇ ಜಾಹೀರಾತು. ಹನ್ನೊಂದು ದಿನ ಖಾಲಿ ಬಿಟ್ಟಿದ್ದೆ. ಇವತ್ತು ಬರೆಯಲು ಕೂತಿದ್ದೇನೆ. ಮನೆಯಲ್ಲಿ ಲ್ಯಾಬಿನ ಮಾತು ಎತ್ತುವ ಹಾಗಿಲ್ಲ, ಎತ್ತದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ನನ್ನ ಅವ್ವ, ನಮ್ಮ ಆಯಿಯ ಕಾನೂನು ಹೀಗಿದೆ. ಶಹಾಬಜಾರದ ನಮ್ಮ ಓಣಿಗೆ ಬಂದೊಡನೆ ಮುಂಬಾಗಿಲು ಬಿಟ್ಟು ಹಿತ್ತಲ ಬಾಗಿಲಿಗೆ ಹೋಗಬೇಕು. ಅಲ್ಲಿ ಬಕೆಟ್ಟಿನಲ್ಲಿ ನೀರು ಇರುತ್ತದೆ. ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆಮೇಲೆ ಒಳಗೆ. ಸತ್ತವರ ಅಂಗಿ ಮುಟ್ಟಿ ಬರುತ್ತಾನೆ ಎಂದು ಪಕ್ಕದ ಮನೆ ಚಂದ್ರಾಬಾಯಿಗೆ ಹೇಳುತ್ತಾಳೆ, ಅದೂ ನನ್ನ ಕಿವಿಗೆ ಬೀಳುವ ಹಾಗೆ. ನಾನು ಎಂಎಸ್ಸಿ ಕೆಮಿಸ್ಟ್ರಿಯಲ್ಲಿ ಮೊದಲ ದರ್ಜೆ ಪಾಸಾದಾಗ ಓಣಿಗೆಲ್ಲ ಪೇಢೆ ಹಂಚಿದವಳೂ ಇವಳೇ.

ಇವತ್ತು ಕಮಲಾಪುರದ ಕಡೆಯಿಂದ ಒಂದು ಕೇಸು ಬಂತು. ಹೆಡ್ ಕಾನ್ಸ್‌ಟೇಬಲ್ ಖಮರುದ್ದೀನ್ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಬಿಳಿ ಬಟ್ಟೆಯ ಮೂರು ಗಂಟು, ಹೊಲಿಗೆಯ ಮೇಲೆ ಅರಗಿನ ಮುದ್ರೆ. ಠಾಣೆಯವರು ಕಳಿಸಿದ ಮುದ್ರೆಯ ಮಾದರಿಗೂ ಗಂಟಿನ ಮೇಲಿನದಕ್ಕೂ ತಾಳೆ ನೋಡಿ ಸಹಿ ಹಾಕಿದೆ. ಚಹಾ ತರಿಸುತ್ತೇನೆ ಎಂದೆ. ರೋಜಾ ಇದೆ ಎಂದು ನಕ್ಕರು. ರಮಜಾನ್ ತಿಂಗಳೆನ್ನುವುದು ನನಗೆ ಮರೆತೇ ಹೋಗಿತ್ತು.

ಕೇಸು ಇಷ್ಟು. ಚಂದ್ರಾಮಪ್ಪ ಎಂಬ ಬಾಳೆ ತೋಟದ ಯಜಮಾನ, ವಯಸ್ಸು ಐವತ್ತನಾಲ್ಕು, ಎಂಟನೇ ತಾರೀಖಿನ ಮುಂಜಾನೆ ತನ್ನ ತೋಟದ ಬಾವಿಯ ಹತ್ತಿರ ಸತ್ತು ಬಿದ್ದಿದ್ದ. ಹಣೆ ಒಡೆದಿತ್ತು. ಹಿಂದಿನ ದಿನ ಗೊನೆ ಕಡಿಯುವ ಆಳಿಗೂ ಅವನಿಗೂ ಜಗಳವಾಗಿತ್ತು, ಎಳೆಯ ಗೊನೆ ಕಡಿದನೆಂದು. ವಸ್ತು ಒಂದು, ಮೃತನ ಅಂಗಿ. ವಸ್ತು ಎರಡು, ಆಳಿನ ಕೊಯ್ತಾ, ಗೊನೆ ಕಡಿಯುವ ಕತ್ತಿ. ಅದರ ಬೆನ್ನಿನಿಂದ ಹೊಡೆದಿರಬಹುದೆಂದು ಪೊಲೀಸರ ಊಹೆ. ವಸ್ತು ಮೂರು, ಆಳಿನ ಧೋತರ. ಅದರ ಮೇಲೆ ಏಳು ಕಂದು ಕಲೆ.

13 ಜನವರಿ

ಏನು ಬಣ್ಣ! ಕಲೆಯನ್ನು ಫಿಲ್ಟರ್ ಪೇಪರಿನಿಂದ ತಿಕ್ಕಬೇಕು, ಒಂದು ಹನಿ ಬೆಂಜಿಡಿನ್ ಬಿಡಬೇಕು, ಮೇಲೊಂದು ಹನಿ ಪೆರಾಕ್ಸೈಡ್. ರಕ್ತವಿದ್ದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಾಗದ ನೀಲಿ ಆಗುತ್ತದೆ. ಅಂಗಿ ನೀಲಿ, ಕೊಯ್ತಾ ನೀಲಿ, ಧೋತರದ ಏಳಕ್ಕೆ ಏಳೂ ನೀಲಿ. ಎರಡು ವರ್ಷದ ನೌಕರಿಯಲ್ಲಿ ಇಷ್ಟು ಸ್ವಚ್ಛವಾದ ಕೇಸು ನನ್ನ ಕೈಗೆ ಬಂದಿರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥೆ ಅಕ್ಬರಿ ಬೇಗಂ ಮೇಡಂ ರೋಜಾ ಬಿಡುವುದಕ್ಕೆಂದು ನಾಲ್ಕಕ್ಕೇ ಮನೆಗೆ ಹೋಗುತ್ತಾರೆ. ಐದಕ್ಕೆ ಫೋನು ಬಂತು. ಆ ಕೇಸಿನ ಸರ್ಕಲ್ ಇನ್ಸ್‌ಪೆಕ್ಟರ್. ಮೈಸೂರು ಕಡೆಯವರು, ಬಂದು ಎರಡು ತಿಂಗಳಾಗಿದೆಯಂತೆ. ಬರವಣಿಗೆಯಲ್ಲಿ ಆಮೇಲೆ ಕಳಿಸಿ, ಈಗ ಬಾಯಿಮಾತಿನಲ್ಲಿ ಒಂದು ಹೇಳಿ ಸಾಕು ಎಂದರು. ನಾನು ಹೇಳಿದೆ. ಮೂರರಲ್ಲೂ ರಕ್ತ ಬಂದದ ಅಂದೆ. "ತುಂಬಾ ಉಪಕಾರ ಆಯ್ತು ಕಣ್ರೀ" ಎಂದು ಇಟ್ಟರು.

ಫೋನು ಇಟ್ಟ ಮೇಲೂ ಐದು ನಿಮಿಷ ಅಲ್ಲೇ ನಿಂತಿದ್ದೆ. ಇಪ್ಪತ್ತೊಂಬತ್ತು ವರ್ಷದ ನನ್ನ ಒಂದು ಮಾತಿಗೆ ಅಷ್ಟು ದೊಡ್ಡ ಸಾಹೇಬರು ಕಾದಿದ್ದರು. ನಾಳೆ ಸಂಕ್ರಾಂತಿ. ಆಯಿ ಕುಸರೆಳ್ಳು ಮಾಡಿಟ್ಟಿದ್ದಾಳೆ, ಒಂದು ಮುಟಿಗೆ ಕದ್ದು ತಿಂದೆ.

16 ಜನವರಿ

ಪೇಪರಿನಲ್ಲಿ ಬಂದಿದೆ! ನಾಲ್ಕನೇ ಪುಟದ ಮೂಲೆಯಲ್ಲಿ. "ಬಾಳೆ ತೋಟದ ಕೊಲೆ: ಆಳಿನ ಬಂಧನ. ವೈಜ್ಞಾನಿಕ ಪರೀಕ್ಷೆಯಿಂದ ರಕ್ತದ ಕಲೆ ಪತ್ತೆ." ನಿನ್ನೆ ಹಿಡಿದಿದ್ದಾರೆ. ಹೆಸರು ಅಮೋಘಪ್ಪ. ಕತ್ತರಿಸಿ ಈ ಪುಟಕ್ಕೆ ಅಂಟಿಸಿದ್ದೇನೆ.

ಅಕ್ಬರಿ ಮೇಡಂ ಅದೇ ಪೇಪರು ಹಿಡಿದುಕೊಂಡು ಬಂದರು. ಯಾರು ಹೇಳಿದ್ದೆಂದು ಕೇಳಿದರು. ನಾನೇ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ಕುರ್ಚಿ ಎಳೆದು ಕೂತರು.

"ಮುಕುಂದ, ನೀಲಿ ಆತು ಅಂದ್ರ ಯಾರೋ ಬಾಗಲಾ ಬಡದ್ರು ಅಂತ ಅಷ್ಟ. ಯಾರು ಅನ್ನೋದು ಬಾಗಲಾ ತಗದ ಮ್ಯಾಲ ನೋಡಬೇಕು. ನೀ ತಗದು ನೋಡೀಯೇನು?"

ಇಲ್ಲ ಎಂದೆ. ನೋಡು, ಎಂದರು. ನೋಡುತ್ತೇನೆ, ಅದರಲ್ಲೇನು? ಹರಳಿನ ಪರೀಕ್ಷೆ ಮಾಡಿದರೆ ಅವರಿಗೂ ಸಮಾಧಾನ, ನನಗೂ. ರೋಜಾದಲ್ಲಿ ಹಸಿದವರಿಗೆ ಸಿಟ್ಟು ಬೇಗ ಬರುತ್ತದೆ, ಅಷ್ಟೇ.

21 ಜನವರಿ

ಹರಳು ಬರುತ್ತಿಲ್ಲ.

ಈ ಪರೀಕ್ಷೆಯಲ್ಲಿ ಕಲೆಯ ಒಂದು ಎಳೆಯನ್ನು ಗಾಜಿನ ಮೇಲಿಟ್ಟು, ಔಷಧದ ಹನಿ ಬಿಟ್ಟು, ಸ್ವಲ್ಪ ಕಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರಕ್ತವಾದರೆ ಗುಲಾಬಿ ಬಣ್ಣದ ಸಣ್ಣ ಸೂಜಿಗಳು ಏಳುತ್ತವೆ. ಅಂಗಿಯ ಎಳೆಯಲ್ಲಿ ಸೂಜಿಗಳ ಜಾತ್ರೆಯೇ ನೆರೆದಿತ್ತು. ಕೊಯ್ತಾದಲ್ಲಿ ಒಂದೂ ಇಲ್ಲ. ಧೋತರದ್ದು ಮೊದಲ ಮೂರು ಕಲೆ ನೋಡಿದೆ, ಒಂದೂ ಇಲ್ಲ. ಪ್ರತಿ ಕಲೆಯಿಂದ ದುಂಡಗೆ ಬಟ್ಟೆ ಕತ್ತರಿಸಿ ತೆಗೆದು, ಔಷಧ ಹೊಸದಾಗಿ ಕಲಸಿ, ನಾಲ್ಕು ಸಲ ಮಾಡಿದೆ. ಐದನೆಯದಕ್ಕೆ ಕರೆಂಟು ಹೋಯಿತು.

ಹಳೆಯ ಕಲೆಯಲ್ಲಿ ಒಮ್ಮೊಮ್ಮೆ ಹರಳು ಬರುವುದಿಲ್ಲ ಎಂದು ಪುಸ್ತಕದಲ್ಲಿದೆ. ಇದು ಎರಡು ವಾರದ ಕಲೆ. ಅಷ್ಟೇ ಹಳೆಯ ಅಂಗಿಯ ಕಲೆಯಲ್ಲಿ ಬಂದಿದೆಯಲ್ಲ?

22 ಜನವರಿ

ಅದೇ ಮೂರು ಕಲೆಯಲ್ಲಿ ಇವತ್ತೂ ಇಲ್ಲ. ಊಟ ಸೇರಲಿಲ್ಲ.

25 ಜನವರಿ, ಭಾನುವಾರ

ಇವತ್ತಿನದನ್ನು ಬಿಡದೆ ಬರೆಯಬೇಕು.

ನಿನ್ನೆ ಏಕಾದಶಿಯ ಉಪವಾಸ. ಇವತ್ತು ದ್ವಾದಶಿ, ಬೆಳಗಾಗುವುದರೊಳಗೆ ಪಾರಣೆಯ ಅಡುಗೆ. ಹಸಿದ ಹೊಟ್ಟೆಯಲ್ಲಿ ಅಡುಗೆಮನೆಯ ಹೊಸ್ತಿಲಾಚೆ ಕೂತಿದ್ದೆ. ಆಯಿ ಬಾಳೆಕಾಯಿ ಹೆಚ್ಚಲು ಈಳಿಗೆ ಹಾಕಿಕೊಂಡಳು. ಮೊದಲು ಎರಡೂ ಅಂಗೈಗೆ ಒಳ್ಳೆಣ್ಣೆ ಸವರಿಕೊಂಡಳು. ಉಟ್ಟದ್ದು ಅದೇ ಹಳೆಯ ನೀಲಿ ಸೀರೆ. ಅದರ ಮಡಿಲ ತುಂಬ ಕಂದು ಕಲೆ.

ಹುಟ್ಟಿದಾಗಿನಿಂದ ಈ ಎಣ್ಣೆ ಸವರುವುದನ್ನು, ಈ ಸೀರೆಯನ್ನು ನೋಡಿದ್ದೇನೆ. ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ. ಇವತ್ತು ಕೇಳಿದೆ.

"ಎಂಎಸ್ಸಿ ಮಾಡೀದಿ, ಇಷ್ಟು ಗೊತ್ತಿಲ್ಲೇನು? ಬಾಳಿ ಕರಿ ಅದು. ಮೈಗೆ ಹತ್ತಿದ್ರ ವಾರ ಹೋಗಂಗಿಲ್ಲ, ಬಟ್ಟಿಗೆ ಹತ್ತಿದ್ರ ಬಟ್ಟಿ ಹರಿದ್ರೂ ಹೋಗಂಗಿಲ್ಲ. ಮೊದಲ ನೀರಿನಂಗ ಇರ್ತದ. ಮರುದಿನ ನೋಡು, ಯಾರೋ ಕೊರಳು ಕೊಯ್ದಂಗ ಕಾಣ್ತದ."

ಕೊರಳು ಕೊಯ್ದ ಹಾಗೆ! ನಾನು ಎದ್ದು ನಿಂತುಬಿಟ್ಟೆ. ಆ ಸೀರೆಯ ಅಂಚಿನ ಒಂದು ಚೂರು ಕೊಡು ಎಂದೆ. ಯಾಕೆಂದಳು. ಹೇಳಿದೆ. ಈ ಮನೆಯಲ್ಲಿ, ಅದೂ ಪಾರಣೆಯ ದಿನ, ಅಡುಗೆಮನೆಯ ಬಾಗಿಲಲ್ಲಿ ಕೂತು, ಸತ್ತ ಚಂದ್ರಾಮಪ್ಪನ ಕಥೆ, ಕೊಯ್ತಾದ ಕಥೆ, ಧೋತರದ ಕಥೆ ಎಲ್ಲಾ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಹೆಚ್ಚುವುದನ್ನು ನಿಲ್ಲಿಸಿ, ಆ ಮನುಷ್ಯ ಈಗ ಎಲ್ಲಿದ್ದಾನೆಂದು ಕೇಳಿದಳು. ಜೈಲಿನಲ್ಲಿ ಎಂದೆ. ಯಾರು ಹಾಕಿದರು ಎಂದಳು. ಪೊಲೀಸರು ಎಂದೆ.

ಪೊಲೀಸರು ಎಂದೆ. ಬರೆಯುವಾಗ ನನಗೇ ನಾಚಿಕೆಯಾಗುತ್ತಿದೆ.

27 ಜನವರಿ

ಆಯಿಯ ಸೀರೆಯ ಚೂರನ್ನು ಮೇಜಿನ ಮೇಲಿಟ್ಟು ಮೇಡಂಗೆ ಎಲ್ಲ ಹೇಳಿದೆ. ಗಿಡದ ಹಾಲಿನಲ್ಲೂ ಆ ಬಣ್ಣ ತರುವ ಗುಣ ಇರಬಹುದೆಂದು ಓದಿದ್ದು ಅವರಿಗೂ ನೆನಪಿತ್ತು, ಬಾಳೆಯದ್ದು ಮಾತ್ರ ಮಾಡಿ ನೋಡಿರಲಿಲ್ಲ. ಸೀರೆಯ ಚೂರು ತೊಳೆದು ತೊಳೆದು ಸತ್ತಿದೆ, ಅದು ಕೆಲಸಕ್ಕೆ ಬಾರದು ಎಂದರು. ಅದೇ ತೋಟದ, ಅದೇ ಜಾತಿಯ ಗಿಡದ ಹಾಲು ಬೇಕು, ಹೊಸ ಬಟ್ಟೆಯ ಮೇಲೆ, ಸಾಕ್ಷಿಗೆ ನಿಲ್ಲುವ ಪಂಚರ ಮುಂದೆ, ಮುದ್ರೆ ಹಾಕಿ. ಇಲ್ಲದಿದ್ದರೆ ನಾಳೆ ಕೋರ್ಟಿನಲ್ಲಿ ನನ್ನ ಅವ್ವನ ಅಡುಗೆಮನೆಯನ್ನೇ ಸಾಕ್ಷಿಗೆ ಕರೆಯಬೇಕಾಗುತ್ತದೆ ಎಂದು ನಕ್ಕರು. ಇಷ್ಟು ದಿನಕ್ಕೆ ಮೊದಲ ಸಲ ನಕ್ಕದ್ದು.

ಠಾಣೆಗೆ ಪತ್ರ ಬರೆದಿದ್ದೇವೆ. ಸರ್ಕಲ್ ಸಾಹೇಬರು ಎಲೆಕ್ಷನ್ ಬಂದೋಬಸ್ತಿನಲ್ಲಿದ್ದಾರೆ. ಖಮರುದ್ದೀನ್ ಫೋನಿನಲ್ಲಿ ಸಿಕ್ಕರು. ಭಾನುವಾರ ಬನ್ನಿ, ನಾನೇ ನಿಂತು ಮಾಡಿಸುತ್ತೇನೆ ಎಂದರು.

31 ಜನವರಿ

ನಿನ್ನೆ ಈದ್. ಮೇಡಂ ಇವತ್ತು ಡಬ್ಬಿಯಲ್ಲಿ ಹಾಲು ಶ್ಯಾವಿಗೆಯ ಸುರಕುಂಬಾ ತಂದಿದ್ದರು. ಎರಡು ವರ್ಷದಿಂದ ಅವರು ಕೊಟ್ಟಾಗಲೆಲ್ಲ ಹೊಟ್ಟೆ ಸರಿಯಿಲ್ಲ ಎಂದು ಹೇಳುತ್ತ ಬಂದಿದ್ದೆ. ಇವತ್ತು ಎರಡು ಬಟ್ಟಲು ಕುಡಿದೆ. ಒಣ ಖರ್ಜೂರ ಎಷ್ಟು ಮೆತ್ತಗಾಗಿತ್ತು!

1 ಫೆಬ್ರವರಿ, ಭಾನುವಾರ

ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ. ಕೆಂಪು ಬಾಳೆಯನ್ನು ಸೂಪರ್ ಮಾರ್ಕೆಟ್ ಬಜಾರಿನ ತಳ್ಳುಗಾಡಿಗಳ ಮೇಲೆ ಸಾವಿರ ಸಲ ನೋಡಿದ್ದೆ. ಗಿಡ ನೋಡಿದ್ದು ಇದೇ ಮೊದಲು. ದಿಂಡೂ ಕೆಂಪು, ಎಲೆಯ ನಡುವಿನ ದಂಟೂ ಕೆಂಪು. ಖಮರುದ್ದೀನ್ ಇಬ್ಬರು ಪಂಚರನ್ನು ಕರೆದುಕೊಂಡು ಕಾಯುತ್ತಿದ್ದರು. ಗೊನೆ ಕಡಿಯಲು ಒಬ್ಬರು ಬೇಕಲ್ಲ, ಅಮೋಘಪ್ಪನ ಹೆಂಡತಿ ಮಲ್ಕಮ್ಮನೇ ಬಂದಳು. ಗಂಡನ ಕೆಲಸ ಅವಳಿಗೂ ಬರುತ್ತದೆ.

ಒಂದೇ ಏಟು. ಕಡಿದ ಜಾಗದಿಂದ ಹಾಲು ಹನಿ ಹನಿಯಾಗಿ ಬಿತ್ತು. ನಾನು ಹೊಸ ಬಿಳಿ ಬಟ್ಟೆ ಹಿಡಿದೆ. ಬಣ್ಣವೇ ಇಲ್ಲ, ನೀರಿನಂತೆ. ಆಯಿ ಹೇಳಿದ ಹಾಗೆಯೇ.

ಗುಡಿಸಲ ಮುಂದಿನ ಹಗ್ಗದ ಮೇಲೆ ಅವಳ ಸೀರೆ, ಗಂಡನ ಇನ್ನೊಂದು ಧೋತರ, ಎರಡು ಅಂಗಿ ಒಣಗುತ್ತಿದ್ದವು. ಒಂದೊಂದರ ಮೇಲೂ ಕಂದು ಕಲೆ, ಎಣಿಸಲು ಆಗದಷ್ಟು. ಆ ಹಗ್ಗದ ಮುಂದೆ ಒಮ್ಮೆ ನಿಂತಿದ್ದರೆ ಸಾಕಿತ್ತು, ಬೆಂಜಿಡಿನ್ನೂ ಬೇಕಿರಲಿಲ್ಲ, ನಾನೂ ಬೇಕಿರಲಿಲ್ಲ.

ಖಮರುದ್ದೀನರನ್ನು ಬದಿಗೆ ಕರೆದು ಕೇಳಿದೆ, ಅಮೋಘಪ್ಪ ಏನೂ ಹೇಳಲೇ ಇಲ್ಲವೇ ಎಂದು. ಮೊದಲ ದಿನದಿಂದ ಬಾಳೆಯ ಕರೆ ಎಂದೇ ಹೇಳುತ್ತಿದ್ದಾನಂತೆ. ನಿಮಗೂ ಗೊತ್ತಿತ್ತಲ್ಲ ಎಂದೆ.

"ನಮ್ಮ ಮನಿಯೊಳಗೂ ಅವ ಕಲಿ ಅವರಿ ಸಾಹೇಬ್ರ. ಹೇಳಿದ್ದೆ. ಖರೆ ಲ್ಯಾಬಿನವ್ರು ರಕ್ತ ಅಂದ ಮ್ಯಾಲ ನನ್ನ ಮಾತು ಯಾರು ಕೇಳ್ತಾರ್ರಿ? ನನಗೂ ಅನಿಸ್ತು, ಇರಬಹುದು, ಮಷೀನಿನ್ಯಾಗ ನೋಡಿರ್ತಾರ ಅಂತ."

ಮಷೀನು! ಒಂದು ಚೂರು ಕಾಗದ, ಎರಡು ಹನಿ.

ಮಲ್ಕಮ್ಮ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಗಂಡನನ್ನು ನೋಡಲು ಜೈಲಿಗೆ ಎರಡು ಸಲ ಹೋಗಿ ಬಂದಿದ್ದಾಳೆ. ಅಳಲಿಲ್ಲ, ಗಿರಣಿಯ ಸುದ್ದಿ ಹೇಳಿದಳು. ಜೋಳ ಬೀಸಿಸಲು ಹೋದರೆ ಅವಳ ಡಬ್ಬಿಯನ್ನು ಪಾಳಿಯಿಂದ ಹಿಂದಕ್ಕೆ ಸರಿಸುತ್ತಾರಂತೆ. ಮೊದಲು ಬಂದರೂ ಕಡೆಗೇ ಬೀಸಿಕೊಂಡು ಬರಬೇಕು. ಆಮೇಲೆ ನನ್ನನ್ನೇ ನೋಡುತ್ತ ಕೇಳಿದಳು.

"ಸಾಹೇಬ್ರ, ಲ್ಯಾಬಿನ್ಯಾಗ ಅದು ರಕ್ತ ಅಂದವ್ರು ಯಾರ್ರಿ? ಅವರ ಮನಿಯೊಳಗ ಬಾಳೀಕಾಯಿ ತಿನ್ನಂಗಿಲ್ಲೇನ್ರಿ?"

ನೀರು ಕುಡಿಯುತ್ತಿದ್ದೆ. ಕುಡಿಯುತ್ತಲೇ ಇದ್ದೆ. ತಂಬಿಗೆ ಖಾಲಿಯಾದ ಮೇಲೂ ಬಾಯಿಯಿಂದ ತೆಗೆಯಲಿಲ್ಲ.

3 ಫೆಬ್ರವರಿ

ಬಟ್ಟೆ ಒಣಗಿ ಕಂದಾಗಿದೆ. ಧೋತರದ ಪಕ್ಕ ಇಟ್ಟರೆ ಯಾವುದು ಯಾವುದೆಂದು ನನಗೇ ತಿಳಿಯುವುದಿಲ್ಲ. ಫಿಲ್ಟರ್ ಪೇಪರಿನಿಂದ ತಿಕ್ಕಿ ಎರಡು ಹನಿ ಬಿಟ್ಟೆ.

ನೀಲಿ. ಅದೇ ನೀಲಿ.

ಅಂದರೆ ಹದಿಮೂರನೇ ತಾರೀಖು ಧೋತರದಲ್ಲಿ ನಾನು ಕಂಡದ್ದು ರಕ್ತವಲ್ಲ, ಬಾಳೆಯ ಹಾಲು ಎಂದೆ ಮೇಡಂಗೆ. ಅವರು ತಲೆಯಾಡಿಸಿದರು. ಇದೂ ಬಾಗಿಲು ಬಡಿದ ಸದ್ದೇ ಎಂದರು. ಬಾಳೆಯ ಹಾಲೂ ಹೀಗೆ ಮಾಡುತ್ತದೆ ಎಂದು ಗೊತ್ತಾಯಿತು, ಅಮೋಘಪ್ಪನ ಧೋತರದ ಮೇಲಿರುವುದು ಅದೇ ಎಂದು ಇನ್ನೂ ಗೊತ್ತಾಗಿಲ್ಲ. ಬೇರೆ ಮಾಡುವ ದಾರಿ ಒಂದಿದೆ. ಗಿಡದ ಹಾಲಿನ ಆ ಗುಣ ಕಾಯಿಸಿದರೆ ಸಾಯುತ್ತದೆ. ರಕ್ತದ್ದು ಸಾಯುವುದಿಲ್ಲ.

4 ಫೆಬ್ರವರಿ

ಎಲ್ಲವನ್ನೂ ಓವನ್ನಿನಲ್ಲಿ ನೂರು ಡಿಗ್ರಿಗೆ ಅರ್ಧ ತಾಸು ಕಾಯಿಸಿ ಹೊರಗೆ ತೆಗೆದೆ.

ಕಮಲಾಪುರದಿಂದ ತಂದ ಬಾಳೆ ಬಟ್ಟೆ: ನೀಲಿ ಇಲ್ಲ. ಚಂದ್ರಾಮಪ್ಪನ ಅಂಗಿ: ಕಾಯಿಸಿದರೂ ನೀಲಿ. ಕೊಯ್ತಾದಿಂದ ತೆಗೆದ ಪುಡಿ: ಇಲ್ಲ. ಧೋತರದ ಒಂದನೇ ಕಲೆ ಇಲ್ಲ. ಎರಡು ಇಲ್ಲ. ಮೂರು, ನಾಲ್ಕು, ಐದು, ಆರು, ಇಲ್ಲ. ನನಗೆ ಹಾಡಬೇಕೆನಿಸಿತು.

ಏಳನೆಯದು, ಕೆಳ ಅಂಚಿನ ಹತ್ತಿರ, ಕಡಲೆ ಬೇಳೆಯಷ್ಟು. ನೀಲಿ.

ಹರಳು ಹಾಕಿದೆ. ಸೂಜಿಗಳು ಎದ್ದವು.

5 ಫೆಬ್ರವರಿ

ನಿನ್ನೆ ಆರು ಕಲೆಗೆ ಖುಷಿಪಟ್ಟೆ. ಏಳನೆಯದಕ್ಕೆ ಅದೇ ಮನುಷ್ಯ ಸಿಟ್ಟಾದೆ. ಕಲೆಯ ಮೇಲೆ ಸಿಟ್ಟು! ಇದು ಕೋಳಿಯದ್ದಿರಲಿ, ಕುರಿಯದ್ದಿರಲಿ ಎಂದು ದೇವರಮನೆಯಲ್ಲಿ ನಿಂತು ಬೇಡಿಕೊಂಡೆ. ಆಯಿ ಕೇಳಿದಳು, ಏನು ಬೇಡುತ್ತಿದ್ದೀಯೆಂದು. ಹೇಳಿದೆ. ಬೇಡುವುದಾದರೆ ಇದ್ದದ್ದು ಕಾಣಲಿ ಎಂದು ಬೇಡು, ಬೇಕಾದ್ದು ಕಾಣಲಿ ಅನ್ನಬೇಡ ಎಂದಳು.

ಸಂಜೆ ಹಿತ್ತಲ ಸ್ನಾನ ಮರೆತು ಒಳಗೆ ಬಂದುಬಿಟ್ಟಿದ್ದೆ ಎಂದು ಈಗ ನೆನಪಾಗುತ್ತಿದೆ.

10 ಫೆಬ್ರವರಿ

ಏಳನೇ ಕಲೆ ಮನುಷ್ಯನದ್ದೇ.

ರಕ್ತದ ಗುಂಪು ನೋಡಲು ಮತ್ತೆರಡು ದಿನ ಹಿಡಿಯಿತು, ನಡುವೆ ಕರೆಂಟು ಕೈಕೊಟ್ಟು ಫ್ರಿಜ್ಜಿನ ಔಷಧ ಕೆಟ್ಟಿದೆಯೋ ಎಂದು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಚಂದ್ರಾಮಪ್ಪನ ಅಂಗಿ: ಓ. ಧೋತರದ ಏಳನೇ ಕಲೆ: ಬಿ. ಮೂರು ಸಲ ನೋಡಿದೆ. ಮೇಡಂ ಒಂದು ಸಲ ಬೇರೆಯಾಗಿ ನೋಡಿದರು. ಬಿ.

ಚಂದ್ರಾಮಪ್ಪನದ್ದಲ್ಲ. ಯಾರದ್ದೆಂದು ನಾವು ಹೇಳಲು ಬರುವುದಿಲ್ಲ, ಹೇಳುವುದೂ ಇಲ್ಲ.

14 ಫೆಬ್ರವರಿ

ಖಮರುದ್ದೀನ್ ಹೊಸ ಗಂಟು ತಂದರು. ಎತ್ತಿದರೆ ಭಾರ, ಕಬ್ಬಿಣ. ತೋಟದ ಎಂಜಿನ್ನಿನ ಹ್ಯಾಂಡಲ್.

ನಾನು ಅವತ್ತು ತೋಟಕ್ಕೆ ಬಂದು ಹೋದ ಮೇಲೆ ಅವರಿಗೆ ಸುಮ್ಮನೆ ಕೂರಲಾಗಲಿಲ್ಲವಂತೆ. ಚಂದ್ರಾಮಪ್ಪ ಸತ್ತ ಮುಂಜಾನೆ ಬಾವಿಯ ಹತ್ತಿರ ಯಾಕೆ ಹೋಗಿದ್ದ? ನೀರು ಬಿಡಲು. ನೀರು ಬಿಡಬೇಕಾದರೆ ಡೀಸೆಲ್ ಎಂಜಿನ್ ತಿರುಗಿಸಬೇಕು. ಚಳಿಗೆ ಎಂಜಿನ್ ಹಿಡಿದುಕೊಂಡರೆ ಹ್ಯಾಂಡಲ್ ತಿರುಗಿ ಒದೆಯುತ್ತದೆ. ಖಮರುದ್ದೀನರ ಮಾವನ ಎರಡು ಹಲ್ಲು ತೆಗೆದದ್ದು ಅಂಥದೇ ಒಂದು ಹ್ಯಾಂಡಲ್. ಎಂಜಿನ್ನಿನ ಶೆಡ್ಡಿಗೆ ಮನೆಯವರು ಅವತ್ತೇ ಬೀಗ ಹಾಕಿದ್ದರು, ಶೋಕದಲ್ಲಿ ಯಾರೂ ತೆರೆದಿರಲಿಲ್ಲ. ಸರ್ಕಲ್ ಸಾಹೇಬರಿಗೆ ಹೇಳಿ, ಪಂಚರ ಮುಂದೆ ಬೀಗ ತೆಗೆಸಿ, ನೆಲದ ಮೇಲೆ ಬಿದ್ದಿದ್ದ ಹ್ಯಾಂಡಲನ್ನು ತಂದಿದ್ದಾರೆ. ಅಲ್ಲಿಂದ ಬಾವಿಗೆ ಹತ್ತು ಹೆಜ್ಜೆ. ಏಟು ತಿಂದವನು ಮುಖ ತೊಳೆಯಲು ನೀರಿನ ಕಡೆ ಹೋಗಿರಬೇಕು.

ಇದನ್ನು ಮೊದಲೇ ಯಾಕೆ ನೋಡಲಿಲ್ಲ ಎಂದೆ. ಅವರು ಬೇಜಾರಿಲ್ಲದೆ ಹೇಳಿದರು.

"ನೀವು ರಕ್ತ ಅಂದ್ರಿ. ನಾವು ಹುಡುಕೋದು ಬಿಟ್ವಿ."

18 ಫೆಬ್ರವರಿ

ಹ್ಯಾಂಡಲ್ ಮೇಲೆ, ಗ್ರೀಸಿನ ಕೆಳಗೆ, ಏನೋ ಕಪ್ಪಾಗಿ ಅಂಟಿಕೊಂಡಿತ್ತು. ಮೊದಲು ಕಾಯಿಸಿದೆ, ಆಮೇಲೆ ಬಣ್ಣ ನೋಡಿದೆ. ಆಮೇಲೆ ಹರಳು. ಆಮೇಲೆ ಮನುಷ್ಯನದ್ದೋ ಅಲ್ಲವೋ. ಆಮೇಲೆ ಗುಂಪು. ಓ. ಜೊತೆಗೆ ಒಂದೂವರೆ ಅಂಗುಲದ ಒಂದು ಕೂದಲು, ಅರ್ಧ ನರೆತದ್ದು. ಅದನ್ನು ಬೇರೆ ವಿಭಾಗಕ್ಕೆ ಕೊಟ್ಟಿದ್ದೇನೆ.

ಸರ್ಕಲ್ ಸಾಹೇಬರ ಫೋನು ಎರಡು ಸಲ ಬಂತು. ಇನ್ನೂ ನೋಡುತ್ತಿದ್ದೇನೆ, ಬರೆದೇ ಕಳಿಸುತ್ತೇನೆ ಎಂದೆ. ಅವರಿಗೆ ಬೇಸರವಾಯಿತು. ಆಗಲಿ.

ಮನೆಗೆ ಬಂದರೆ ಆಯಿ ಹಿತ್ತಲಲ್ಲಿ ಬಕೆಟ್ಟಿನ ಪಕ್ಕವೇ ಕೂತಿದ್ದಳು. ಸ್ನಾನ ಮಾಡುವಷ್ಟರಲ್ಲೇ ಎಲ್ಲಾ ಹೇಳಿಸಿಕೊಂಡಳು. ಎಂಜಿನ್ ಹ್ಯಾಂಡಲ್ ಎಷ್ಟು ಉದ್ದ ಇರುತ್ತದೆ ಎಂದು ಕೈ ಅಳತೆ ಕೇಳಿದಳು. ಅಡುಗೆಯಲ್ಲಿ ಇನ್ನೂ ಯಾವ ಯಾವ ಕಲೆ ರಕ್ತದ ಹಾಗೆ ಕಾಣುತ್ತವೆ ಎಂದು ಒಂದು ಪಟ್ಟಿ ಹೇಳಿದಳು, ಬೀಟ್ರೂಟು, ಅರಿಶಿನಕ್ಕೆ ಸುಣ್ಣ, ಎಲೆ ಅಡಿಕೆ. ಒಂದು ಹಾಳೆಯಲ್ಲಿ ಬರೆದುಕೊಂಡೆ. ನಾಳೆ ಒಂದೊಂದೇ ಮಾಡಿ ನೋಡಬೇಕು.

20 ಫೆಬ್ರವರಿ

ವರದಿ ಬರೆದು ಮುಗಿಸಿದೆ. ನಾಲ್ಕು ಪುಟ. ಕೊನೆಗೆ ಇನ್ನೊಂದು ಪ್ಯಾರಾ ಸೇರಿಸಿದೆ: ಜನವರಿ 13ರಂದು ದೃಢಪಡಿಸುವ ಪರೀಕ್ಷೆ ಮಾಡದೆ, ಕೇವಲ ಬಣ್ಣದ ಆಧಾರದ ಮೇಲೆ, ರಕ್ತವಿದೆಯೆಂದು ನಾನು ಫೋನಿನಲ್ಲಿ ಹೇಳಿದ್ದೆ, ಅದು ತಪ್ಪು.

ಪಕ್ಕದ ಮೇಜಿನವರು ಓದಿ, ಫೋನಿನ ಮಾತಿಗೆ ಕಾಗದವಿಲ್ಲ, ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀಯ ಎಂದರು. ಪ್ರಮೋಷನ್ ಹೋಗಬಹುದು, ನೋಟಿಸು ಬರಬಹುದು. ಭಯವಾಗಲಿಲ್ಲ ಎಂದರೆ ಸುಳ್ಳು. ಅಕ್ಬರಿ ಮೇಡಂ ಮುಂದೆ ಇಟ್ಟೆ. ಎರಡು ಸಲ ಓದಿದರು. ಒಂದು ಅಕ್ಷರವನ್ನೂ ತಿದ್ದಲಿಲ್ಲ, ಕೆಳಗೆ ತಮ್ಮ ಸಹಿ ಹಾಕಿದರು.

9 ಮಾರ್ಚ್

ಅಮೋಘಪ್ಪನನ್ನು ಬಿಟ್ಟರಂತೆ. ಎಲೆಕ್ಷನ್ ಮುಗಿದು, ಸಾಹೇಬರು ಕಾಗದ ಕಳಿಸಿ, ಕೋರ್ಟು ಕೂಡಿ, ಇವತ್ತು. ಐವತ್ಮೂರು ದಿನ. ಖಮರುದ್ದೀನ್ ಫೋನು ಮಾಡಿ ತಿಳಿಸಿದರು. ನನಗೂ ನೋಟಿಸು ಬಂದಿದೆ, ಉತ್ತರ ಬರೆಯಬೇಕು.

ಆಯಿಗೆ ಹೇಳಿದೆ. ಬೆರಳು ಮಡಿಚಿ ಎಣಿಸಿದಳು. ಐವತ್ಮೂರು ದಿನದಲ್ಲಿ ಐದು ಏಕಾದಶಿ ಬರಬಹುದು ಎಂದಳು. ನಾಲ್ಕು ಎಂದೆ. ನಾಲ್ಕೇ ಎನ್ನುವುದರಿಂದ ನನಗೇನೂ ಸಮಾಧಾನವಾಗಲಿಲ್ಲ.

30 ಮಾರ್ಚ್, ಸೋಮವಾರ

ಯುಗಾದಿ ಮುಗಿಸಿ ಇವತ್ತು ಕೆಲಸಕ್ಕೆ ಹೋದರೆ ಲ್ಯಾಬಿನ ಮೆಟ್ಟಿಲ ಮೇಲೆ ಇಬ್ಬರು ಕೂತಿದ್ದರು. ಮಲ್ಕಮ್ಮನ ಗುರುತು ಸಿಕ್ಕಿತು. ಪಕ್ಕದಲ್ಲಿ ಎತ್ತರದ, ಬಡಕಲು ಮನುಷ್ಯ. ಎಡಗಾಲಿನ ಹೆಬ್ಬೆರಳ ಮೇಲೆ ಕೊಯ್ತಾ ತಾಗಿ ವಾಸಿಯಾದ ಗಾಯ. ಏಳನೇ ಕಲೆ ಇದ್ದದ್ದೂ ಧೋತರದ ಕೆಳ ಅಂಚಿನಲ್ಲೇ. ಇವನೇ ಅಮೋಘಪ್ಪ. ಎರಡೂವರೆ ತಿಂಗಳು ನನ್ನ ಮೇಜಿನ ಮೇಲಿದ್ದವನನ್ನು ಇವತ್ತು ನೋಡಿದೆ.

ಕೋರ್ಟಿನಿಂದ ಧೋತರ ವಾಪಸು ತೆಗೆದುಕೊಂಡು ಬಂದಿದ್ದರು. ಮಲ್ಕಮ್ಮ ಅದನ್ನು ಬಿಡಿಸಿ ಹಿಡಿದಳು. ಕಲೆ ಇದ್ದ ಏಳು ಜಾಗದಲ್ಲೂ ದುಂಡಗೆ ತೂತು. ನಾನೇ ಕತ್ತರಿಸಿದ್ದು. ಒಂದೊಂದು ತೂತಿನಿಂದಲೂ ಹಿಂದಿನ ಗೋಡೆ ಕಾಣುತ್ತಿತ್ತು.

"ಬಾಳಿ ಕರಿ ಹೋಗಂಗಿಲ್ಲ ಅಂತಿದ್ವಿರಿ," ಎಂದಳು. "ನೀವು ತಗದ್ರಿ ನೋಡ್ರಿ."

ಗಿರಣಿಯಲ್ಲಿ ಈಗ ಪಾಳಿ ಸಿಗುತ್ತದೆಯೇ ಎಂದು ಕೇಳಿದೆ. ಸಿಗುತ್ತದಂತೆ, ಡಬ್ಬಿಯನ್ನು ಈಗ ಯಾರೂ ಹಿಂದಕ್ಕೆ ಸರಿಸುವುದಿಲ್ಲ. ಮುಟ್ಟುವುದೂ ಇಲ್ಲ.

ಅಮೋಘಪ್ಪ ಬಂದದ್ದು ಬೇರೆ ಕೆಲಸಕ್ಕೆ. ತನ್ನನ್ನು ಒಳಗೆ ಹಾಕಿಸಿದ ಮಷೀನು ನೋಡಬೇಕಂತೆ. ಹೊರಗಿನವರನ್ನು ಒಳಗೆ ಬಿಡುವಂತಿಲ್ಲ. ಮೇಡಂ ತಮ್ಮ ಕೋಣೆಯಿಂದಲೇ ಕೂಗಿ, ತೋರಿಸು ಎಂದರು.

ಇಬ್ಬರನ್ನೂ ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿದೆ. ಅವರದೇ ಊರಿನ ಬಾಳೆ ಬಟ್ಟೆಯ ಚೂರು ಉಳಿದಿತ್ತು. ಫಿಲ್ಟರ್ ಪೇಪರಿನಿಂದ ತಿಕ್ಕಿದೆ. ಒಂದು ಹನಿ. ಇನ್ನೊಂದು ಹನಿ. ಕಾಗದ ನೀಲಿ ಆಯಿತು. ಅವನು ಬಗ್ಗಿ, ಉಸಿರು ಹಿಡಿದು ನೋಡಿದ. ಮಷೀನಿಗಾಗಿ ಆ ಕಡೆ ಈ ಕಡೆ ನೋಡಿದ. ಮತ್ತೆ ಕಾಗದ ನೋಡಿದ.

"ಇಷ್ಟ ಏನ್ರಿ?"

ಇಷ್ಟೇ ಎಂದೆ. ಆಮೇಲೆ ಮಲ್ಕಮ್ಮನ ಕಡೆ ತಿರುಗಿ, ಅವತ್ತು ತೋಟದಲ್ಲಿ ನೀನು ಕೇಳಿದ್ದೆಯಲ್ಲ, ರಕ್ತ ಅಂದವರು ಯಾರೆಂದು, ಅದು ನಾನೇ ಎಂದೆ.  ಧೋತರವನ್ನು ಮಡಿಚುತ್ತಿದ್ದವಳು ಕೈ ನಿಲ್ಲಿಸಿದಳು.  ಅಮೋಘಪ್ಪನೇ ಕೇಳಿದ, ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂದು.

"ಅವತ್ತ ನಿಮಗ, ಇನ್ನೇನರೆ ಇರಬಹುದು, ನೋಡೂಣು ಅನಿಸಲಿಲ್ಲೇನ್ರಿ?"

ಅನಿಸಲಿಲ್ಲ ಎಂದೆ. ನೀಲಿ ಆಯಿತು, ಸಾಕು ಅನಿಸಿತು.

ಅವನು ತಲೆಯಾಡಿಸಿದ. ನನ್ನನ್ನು ಬಿಡಿಸಿದ್ದು ಯಾವುದು, ಅದನ್ನೂ ತೋರಿಸಿ ಎಂದ. ಇನ್ನೊಂದು ಚೂರನ್ನು ಓವನ್ನಿನಲ್ಲಿಟ್ಟೆ. ಅರ್ಧ ತಾಸು ಇಬ್ಬರೂ ಸ್ಟೂಲು ಬಿಟ್ಟು ಏಳಲಿಲ್ಲ. ಹೊರಗೆ ತೆಗೆದು, ತಿಕ್ಕಿ, ಹನಿ ಬಿಟ್ಟೆ. ಕಾಗದ ಬಿಳಿಯಾಗಿಯೇ ಇತ್ತು. ಆಚೆ ಕೋಣೆಯಲ್ಲಿ ಫೋನು ರಿಂಗಾಯಿತು, ರಿಂಗಾಗಿ ನಿಂತಿತು. ಅಮೋಘಪ್ಪ ಕಾಗದದಿಂದ ಕಣ್ಣು ಕೀಳಲಿಲ್ಲ. ಬಾಳೆಯ ಕರೆ ಹತ್ತಿದ ಅವನ ಬೆರಳುಗಳು ಮೇಜಿನ ಅಂಚು ಹಿಡಿದುಕೊಂಡಿದ್ದವು.

"ಬರಂಗಿಲ್ಲೇನ್ರಿ?"

ಬರುವುದಿಲ್ಲ ಎಂದೆ.

"ಖರೆ?"

ಬರುವುದಾಗಿದ್ದರೆ ಎರಡು ಸೆಕೆಂಡಿನಲ್ಲಿ ಬರುತ್ತಿತ್ತು. ನನಗೆ ಅದು ಗೊತ್ತು. ಆದರೂ ನನ್ನ ಸ್ಟೂಲನ್ನು ಎಳೆದುಕೊಂಡು ಅವರಿಬ್ಬರ ಪಕ್ಕದಲ್ಲಿ ಕೂತೆ.

"ಇನ್ನೂ ಸ್ವಲ್ಪ ಹೊತ್ತು ನೋಡೂಣ್ರಿ," ಅಂದೆ.